ಮಗಳಿಗೆ ಫಿಟ್ಸ್: ಎಂಜೈಮ್ ಪುಡಿ ತಿನ್ನಿಸಿದರೆ ಅದು ಮಿದುಳಿಗೆ ಹೋಗುತ್ತದೆಯೇ?

ಭಟ್ಟಿಮನೆ, ದಾವಣಗೆರೆ

ನಮ್ಮದು ಮಂಡಕ್ಕಿ ಭಟ್ಟಿ. ಅಜ್ಜನ ಕಾಲದಿಂದ ಅಕ್ಕಿ ಹುರಿದು ಬದುಕಿದ ಮನೆ. ಈಗ ವೈದ್ಯರು, ‘ನಿಮ್ಮ ಮಗಳಿಗೆ ಅನ್ನ, ಮಂಡಕ್ಕಿ, ಸಕ್ಕರೆ ಎಲ್ಲ ಬಿಡಿಸಿ ಬೆಣ್ಣೆ, ತುಪ್ಪ, ಎಣ್ಣೆಯ ಮೇಲೆಯೇ ಬೆಳೆಸಬೇಕಾಗಬಹುದು’ ಎನ್ನುತ್ತಿದ್ದಾರೆ. ನಗಬೇಕೋ ಅಳಬೇಕೋ ತಿಳಿಯುತ್ತಿಲ್ಲ.

ಮಗಳಿಗೆ ನಾಲ್ಕು ವರ್ಷ. ಎರಡು ತುಂಬುವ ಮೊದಲೇ ಫಿಟ್ಸ್ ಶುರುವಾಯಿತು. ನೆಲಕ್ಕೆ ಬಿದ್ದು ಕೈಕಾಲು ಬಡಿಯುವುದು ಅಪರೂಪ. ಬೆಳಿಗ್ಗೆ ಎದ್ದು ತಿಂಡಿಗೆ ಕಾಯುವ ಹೊತ್ತಿನಲ್ಲಿ ಆಡುತ್ತಿದ್ದ ಮಾತು ಅರ್ಧಕ್ಕೆ ನಿಲ್ಲುತ್ತದೆ, ಕಣ್ಣು ನೆಟ್ಟು ರೆಪ್ಪೆ ಪಟಪಟನೆ ಬಡಿಯುತ್ತದೆ, ಕೈಯಲ್ಲಿನ ಲೋಟ ವಾಲಿ ಹಾಲು ಅಂಗಿಯ ಮೇಲೆ ಸುರಿಯುತ್ತದೆ. ಮರುಕ್ಷಣ ಏನೂ ಆಗದವಳಂತೆ ಅದೇ ಮಾತನ್ನು ಮುಂದುವರಿಸುತ್ತಾಳೆ. ನಡಿಗೆಯಲ್ಲಿಯೂ ತುಸು ತೂರಾಟವಿದೆ. ತಿಂಡಿ ತಿಂದು ಅರ್ಧ ಗಂಟೆಯಾದರೆ ಹುಡುಗಿಯೇ ಬೇರೆ. ದುಗ್ಗಮ್ಮನ ಜಾತ್ರೆಯಲ್ಲಿ ಊಟಕ್ಕೆ ತಡವಾದ ದಿನ ಬೆಳಗಿನಿಂದ ಮಧ್ಯಾಹ್ನದವರೆಗೂ ಹೀಗೆಯೇ ಆಯಿತು. ಹಸಿವಿಗೂ ಇದಕ್ಕೂ ನಂಟಿದೆ ಎಂದು ಮೊದಲು ಹೇಳಿದವರು ನನ್ನ ತಾಯಿ. ಅವರು ಶಾಲೆಯ ಮುಖ ಕಂಡವರಲ್ಲ.

ಎಂ.ಆರ್.ಐ.ಯಲ್ಲಿ ಏನೂ ಇಲ್ಲ. ಎರಡು ಔಷಧಗಳು ನಡೆಯುತ್ತಿವೆ, ಗುಣ ಅಷ್ಟಕ್ಕಷ್ಟೇ. ಮಿದುಳಿನ ಚಯಾಪಚಯದ, ಅಂದರೆ ಆಹಾರವನ್ನು ಶಕ್ತಿಯಾಗಿಸುವ ಕ್ರಿಯೆಯ, ತೊಂದರೆ ಇರಬಹುದು, ಬೆನ್ನಿನಿಂದ ನೀರು ತೆಗೆದು ಅದರಲ್ಲಿ ಸಕ್ಕರೆ ಎಷ್ಟಿದೆ ನೋಡಬೇಕು ಎಂದು ವೈದ್ಯರು ಹೇಳಿದ್ದಾರೆ. ಇದನ್ನು ಕೇಳಿಸಿಕೊಂಡ ನನ್ನ ಭಾವಮೈದ ಯಾವುದೋ ಅಂಗಡಿಯಿಂದ ‘ಮಿದುಳಿನ ಎಂಜೈಮ್ ಪುಡಿ’ ಎಂಬ ಡಬ್ಬಿ ತಂದಿದ್ದಾನೆ. ಬೆಲೆ ಕೇಳಿದರೆ ಎದೆ ಒಡೆಯುತ್ತದೆ. ನನ್ನ ಪ್ರಶ್ನೆ ನೇರವಾಗಿದೆ. ಮಿದುಳಿನಲ್ಲಿ ಕಿಣ್ವವೇ (ಎಂಜೈಮ್) ಕಡಿಮೆ ಇದ್ದರೆ ಆ ಕಿಣ್ವವನ್ನು ತಿನ್ನಿಸಿದರೆ ಸರಿಹೋಗುವುದಿಲ್ಲವೇ? ಸಕ್ಕರೆ ಸಾಲದ ಮಿದುಳಿಗೆ ಸಕ್ಕರೆಯನ್ನೇ ಬಿಡಿಸಿ ಬೆಣ್ಣೆ ಕೊಡುವುದು ಯಾವ ನ್ಯಾಯ?

ಕೋಟೆ ಕೆಳಗಿನ ಮೇಷ್ಟ್ರು, ಚಿತ್ರದುರ್ಗ

ಜೀವರಸಾಯನ ಪಾಠ ಮಾಡಿ ನಿವೃತ್ತನಾದವನು ನಾನು, ವೈದ್ಯನಲ್ಲ. ಆದರೆ ನಿಮ್ಮ ಎರಡೂ ಪ್ರಶ್ನೆಗಳು ನನ್ನ ವಿಷಯದವು.

ಮೊದಲು ಆ ಡಬ್ಬಿ. ಮುಚ್ಚಳ ತೆಗೆಯಬೇಡಿ. ಕಿಣ್ವವೆಂದರೆ ದೇಹದ ರಾಸಾಯನಿಕ ಕೆಲಸಗಳನ್ನು ಮಾಡಿಸುವ ಪ್ರೋಟೀನು. ಬಾಯಿಗೆ ಹಾಕಿದ ಪ್ರೋಟೀನನ್ನು ಜಠರದ ಆಮ್ಲ ಮತ್ತು ಪೆಪ್ಸಿನ್ ಎಂಬ ಕಿಣ್ವ ಕತ್ತರಿಸಿ ತುಂಡು ಮಾಡುತ್ತವೆ. ನಿಮ್ಮ ಭಾವಮೈದ ತಂದ ಎಂಜೈಮನ್ನು ಮಗುವಿನ ಹೊಟ್ಟೆಯ ಎಂಜೈಮ್‌ಗಳೇ ತಿಂದು ಮುಗಿಸುತ್ತವೆ. ಒಂದೆರಡು ತಪ್ಪಿಸಿಕೊಂಡು ರಕ್ತ ಸೇರಿದವು ಎಂದೇ ಇಟ್ಟುಕೊಳ್ಳೋಣ. ಮಿದುಳಿನ ರಕ್ತನಾಳಗಳ ಗೋಡೆ ಅಷ್ಟು ದೊಡ್ಡ ಅಣುವನ್ನು ಒಳಗೆ ಬಿಡುವುದಿಲ್ಲ. ನಿಜವಾಗಿಯೂ ಕಿಣ್ವವನ್ನೇ ಮಿದುಳಿಗೆ ಕೊಡುವ ಚಿಕಿತ್ಸೆಯೊಂದು ಇದೆ. ಮಕ್ಕಳ ನರಕೋಶಗಳನ್ನು ಕ್ರಮೇಣ ನಾಶಮಾಡುವ ಬ್ಯಾಟನ್ ಎಂಬ ವಂಶವಾಹಿ ಕಾಯಿಲೆಯ ಒಂದು ಬಗೆಯಲ್ಲಿ, ಟಿಪಿಪಿ1 ಎಂಬ ಕಿಣ್ವವಿಲ್ಲದ ಮಕ್ಕಳಿಗೆ ಎರಡರಿಂದ ನಾಲ್ಕು ವರ್ಷದೊಳಗೆ ಫಿಟ್ಸ್ ಶುರುವಾಗುತ್ತದೆ. 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಔಷಧವನ್ನು ಅಂಥ ಮಕ್ಕಳ ತಲೆಬುರುಡೆಯೊಳಗೆ ಕೊಳವೆ ಇಳಿಸಿ, ಎರಡು ವಾರಕ್ಕೊಮ್ಮೆ ನೇರವಾಗಿ ಮಿದುಳಿನೊಳಗಿನ ನೀರು ತುಂಬಿದ ಕುಹರಕ್ಕೆ ಹನಿಸುತ್ತಾರೆ. ಅಷ್ಟು ಪಾಡು ಪಟ್ಟರೆ ಕಿಣ್ವ ಮಿದುಳಿಗೆ ಹೋಗುತ್ತದೆ. ಚಮಚದಲ್ಲಿ ಹೋಗುವಂತಿದ್ದರೆ ಜಗತ್ತಿನ ವೈದ್ಯರು ಬುರುಡೆಗೆ ಏಕೆ ಕೈ ಹಾಕುತ್ತಿದ್ದರು?

ಹಾಗೆಂದು ಮೂರ್ಛೆಗೂ ಕಿಣ್ವಗಳಿಗೂ ಸಂಬಂಧವಿಲ್ಲ ಎನ್ನಬೇಡಿ. ಸಂಬಂಧ ಬಹಳ ಆಳದ್ದು. ಮಿದುಳಿನ ನರಕೋಶಗಳನ್ನು ಕೆರಳಿಸುವ ಮುಖ್ಯ ರಾಸಾಯನಿಕ ಗ್ಲುಟಮೇಟ್, ತಣಿಸುವುದು ಗಾಬಾ. ವಿಚಿತ್ರವೆಂದರೆ ತಣಿಸುವುದು ತಯಾರಾಗುವುದು ಕೆರಳಿಸುವುದರಿಂದಲೇ. ಗ್ಲುಟಮೇಟ್ ಡಿಕಾರ್ಬಾಕ್ಸಿಲೇಸ್ ಎಂಬ ಕಿಣ್ವ ಗ್ಲುಟಮೇಟಿನಿಂದ ಒಂದು ಚೂರನ್ನು ಇಂಗಾಲದ ಡೈಆಕ್ಸೈಡಾಗಿ ಕಳಚಿ ಹಾಕುತ್ತದೆ, ಉಳಿದದ್ದೇ ಗಾಬಾ. ಆ ಕಿಣ್ವ ಕೆಲಸ ಮಾಡಲು ಜೊತೆಗೆ ಬಿ6 ಜೀವಸತ್ವ ಬೇಕೇ ಬೇಕು. 1950ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಡಬ್ಬಿಹಾಲು ಕುಡಿದ ಹಸುಗೂಸುಗಳಿಗೆ ಸೆಳೆತ ಬರತೊಡಗಿತು. ಹಾಲನ್ನು ಕಾಯಿಸುವಾಗ ಅದರ ಬಿ6 ನಾಶವಾಗಿತ್ತು. ಬಿ6 ಕೊಟ್ಟೊಡನೆ ಸೆಳೆತ ನಿಂತಿತು. 1954ರಲ್ಲಿ, ಆಹಾರದಲ್ಲಿ ಬಿ6 ಸಾಕಷ್ಟಿದ್ದರೂ ವಿಪರೀತ ಪ್ರಮಾಣದಲ್ಲಿ ಕೊಟ್ಟರೆ ಮಾತ್ರ ಫಿಟ್ಸ್ ನಿಲ್ಲುವ ಮಗುವೊಂದರ ವರದಿ ಬಂತು. ಅದರ ಕಾರಣ ತಿಳಿಯಲು 2006ರವರೆಗೆ ಕಾಯಬೇಕಾಯಿತು. ತೊಂದರೆ ಇದ್ದದ್ದು ಗಾಬಾ ಮಾಡುವ ಕಿಣ್ವದಲ್ಲಿ ಅಲ್ಲವೇ ಅಲ್ಲ. ಲೈಸಿನ್ ಎಂಬ ಅಮೈನೋ ಆಮ್ಲವನ್ನು ಒಡೆಯುವ ದಾರಿಯ ಇನ್ನೊಂದು ಕಿಣ್ವ ಕೆಟ್ಟಿತ್ತು. ಅಲ್ಲಿ ಕಟ್ಟಿಕೊಂಡ ಕಸ ಬಿ6 ಅನ್ನು ಹಿಡಿದು ನಿರುಪಯೋಗಿ ಮಾಡುತ್ತಿತ್ತು. ಎಲ್ಲಿಯದೋ ತಪ್ಪು, ಎಲ್ಲಿಯೋ ಫಿಟ್ಸ್. ತರಗತಿಯಲ್ಲಿ ಇದನ್ನು ಹೇಳುವಾಗ ಹಿಂದಿನ ಬೆಂಚಿನವರೂ ಆಕಳಿಕೆ ನಿಲ್ಲಿಸುತ್ತಿದ್ದರು.

ಇದನ್ನು ಓದಿ ಯಾರೂ ಬಿ6 ಮಾತ್ರೆ ಕೊಳ್ಳಲು ಓಡಬೇಡಿ. ದೊಡ್ಡ ಪ್ರಮಾಣವನ್ನು ಬಹುಕಾಲ ತಿಂದರೆ ಕೈಕಾಲುಗಳ ನರಗಳೇ ಮರಗಟ್ಟುತ್ತವೆ. ಬಿ6 ಅವಲಂಬಿತ ಮಗುವಿಗೆ ಮೊದಲ ಬಾರಿ ಚುಚ್ಚುಮದ್ದಾಗಿ ಕೊಟ್ಟಾಗ ಉಸಿರಾಟ ನಿಲ್ಲುವ ಅಪಾಯವೂ ಇದೆ, ಆದ್ದರಿಂದ ಆಸ್ಪತ್ರೆಯಲ್ಲಿ ಕಣ್ಗಾವಲಿನಲ್ಲಿ ಕೊಡುತ್ತಾರೆ.

ಕಿಣ್ವವನ್ನು ತಡೆದೂ ಫಿಟ್ಸ್ ನಿಲ್ಲಿಸಬಹುದು. ಗಾಬಾವನ್ನು ಒಡೆಯುವ ಕಿಣ್ವವನ್ನು ವಿಗಾಬ್ಯಾಟ್ರಿನ್ ಎಂಬ ಔಷಧ ಶಾಶ್ವತವಾಗಿ ಕಟ್ಟಿಹಾಕುತ್ತದೆ. ಹಸುಗೂಸುಗಳ ಕೆಲವು ಬಗೆಯ ಸೆಳೆತಕ್ಕೆ ಇದು ಒಳ್ಳೆಯ ಮದ್ದು. ಆದರೆ ದೃಷ್ಟಿಯ ಅಂಚು ಕಿರಿದಾಗುವ ಅಪಾಯವಿರುವುದರಿಂದ ಕಣ್ಣಿನ ಪರೀಕ್ಷೆ ತಪ್ಪಿಸುವಂತಿಲ್ಲ.

ಈಗ ನಿಮ್ಮ ಮಗಳ ವಿಷಯ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೆಚ್ಚು, ತಿಂದರೆ ಕಡಿಮೆ, ಎಳೆಯ ವಯಸ್ಸಿನಲ್ಲಿಯೇ ಕ್ಷಣಕಾಲ ಮೈಮರೆಯುವುದು, ತೂರಾಟದ ನಡಿಗೆ. ನಿಮ್ಮ ವೈದ್ಯರ ತಲೆಯಲ್ಲಿರುವುದು ಗ್ಲುಟ್-1 ಕೊರತೆ ಎಂದು ಕಾಣುತ್ತದೆ. ಅದು ಕಿಣ್ವವಲ್ಲ, ಗ್ಲೂಕೋಸನ್ನು ರಕ್ತದಿಂದ ಮಿದುಳಿಗೆ ದಾಟಿಸುವ ಸಾಗಣೆಯ ಪ್ರೋಟೀನು. ಗೋದಾಮಿನ ತುಂಬ ಭತ್ತವಿದೆ, ಆದರೆ ಭಟ್ಟಿಗೆ ಹೋಗುವ ಬಾಗಿಲು ಒಬ್ಬ ಹಮಾಲಿ ನುಸುಳುವಷ್ಟೇ ಅಗಲ. ಗೋದಾಮಿಗೆ ಇನ್ನಷ್ಟು ಮೂಟೆ ತಂದು ಪೇರಿಸಿದರೆ ಏನು ಪ್ರಯೋಜನ? ಮಗುವಿನ ರಕ್ತದಲ್ಲಿ ಸಕ್ಕರೆ ಸರಿಯಾಗಿಯೇ ಇರುತ್ತದೆ, ಮಿದುಳು ಮಾತ್ರ ಹಸಿದಿರುತ್ತದೆ. ದೊಡ್ಡವರ ಮಿದುಳು ದೇಹದ ತೂಕದ ಶೇ 2ರಷ್ಟಿದ್ದು ಶೇ 20ರಷ್ಟು ಶಕ್ತಿಯನ್ನು ನುಂಗುತ್ತದೆ, ಮಕ್ಕಳಲ್ಲಿ ಆ ಪಾಲು ಇನ್ನೂ ದೊಡ್ಡದು. ಅದರಲ್ಲಿ ಬಹುಭಾಗ ಖರ್ಚಾಗುವುದು ನರಕೋಶದೊಳಗೆ ನುಗ್ಗಿದ ಸೋಡಿಯಂ ಅನ್ನು ಹೊರಹಾಕಿ ಪೊಟ್ಯಾಸಿಯಂ ಅನ್ನು ಒಳಗೆ ತರುವ ಪಂಪಿಗೆ. ಆ ಪಂಪೂ ಒಂದು ಕಿಣ್ವವೇ. ಶಕ್ತಿ ಸಾಲದೆ ಅದು ಸೋತರೆ ಕೋಶ ಶಾಂತವಾಗಿ ಕೂರಲಾರದು.

ಗ್ಲುಟ್-1 ಕೊರತೆಯನ್ನು ಮೊದಲು ವಿವರಿಸಿದ್ದು 1991ರಲ್ಲಿ. ಅದರ ಚಿಕಿತ್ಸೆ ಮಾತ್ರ ಅದಕ್ಕಿಂತ ಎಪ್ಪತ್ತು ವರ್ಷ ಹಳೆಯದು. ಕೆಲವು ಗಂಟೆಯ ಹಸಿವಲ್ಲ, ದಿನಗಟ್ಟಲೆ ಉಪವಾಸ ಮಾಡಿದರೆ ಫಿಟ್ಸ್ ತಗ್ಗುತ್ತದೆ ಎಂಬುದನ್ನು ಪ್ಯಾರಿಸ್ಸಿನ ಇಬ್ಬರು ವೈದ್ಯರು 1911ರಲ್ಲಿ ಬರೆದಿದ್ದರು. ಉಪವಾಸ ಎಷ್ಟು ದಿನ ಮಾಡಲಾದೀತು? 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ರಸೆಲ್ ವೈಲ್ಡರ್, ಊಟ ಮಾಡುತ್ತಲೇ ದೇಹ ಉಪವಾಸದಲ್ಲಿದೆ ಎಂದುಕೊಳ್ಳುವಂತೆ ಮಾಡುವ ಕೊಬ್ಬಿನ ಆಹಾರವನ್ನು ಸೂಚಿಸಿದರು. ಅದೇ ಕೀಟೋಜೆನಿಕ್ ಆಹಾರ. 1938ರಲ್ಲಿ ಫೆನಿಟಾಯಿನ್ ಎಂಬ ಫಿಟ್ಸ್ ಮದ್ದು ಬಂದ ಮೇಲೆ, ಮಾತ್ರೆ ನುಂಗುವುದು ಸುಲಭವೆಂದು ಎಲ್ಲರೂ ಇದನ್ನು ಮೂಲೆಗೆ ತಳ್ಳಿದರು.

ನಿಮ್ಮ ‘ಯಾವ ನ್ಯಾಯ’ಕ್ಕೆ ಉತ್ತರ ಇಲ್ಲಿದೆ. ಸಕ್ಕರೆ ಸಿಗದಿದ್ದಾಗ ಯಕೃತ್ತು ಕೊಬ್ಬನ್ನು ಒಡೆದು ಕೀಟೋನ್ ಎಂಬ ಇಂಧನ ಮಾಡುತ್ತದೆ. ತಾನು ಮಾತ್ರ ಅದನ್ನು ಬಳಸಲಾರದು, ಅದಕ್ಕೆ ಬೇಕಾದ ಕಿಣ್ವ ಯಕೃತ್ತಿನಲ್ಲಿಲ್ಲ. ಹಾಗಾಗಿ ಮಾಡಿದ್ದೆಲ್ಲ ಊರಿಗೆ ದಾನ. ಕೀಟೋನ್ ಗ್ಲುಟ್-1ರ ಬಾಗಿಲಿಗೆ ಹೋಗುವುದೇ ಇಲ್ಲ, ಅದಕ್ಕೆ ಬೇರೆ ಸಾಗಣೆದಾರರಿದ್ದಾರೆ. ಮಿದುಳಿನ ಕೋಶಗಳಲ್ಲಿ ಅದನ್ನು ಉರಿಸುವ ಕಿಣ್ವಗಳು ಸಿದ್ಧವಾಗಿವೆ. ವಾರಗಟ್ಟಲೆ ಉಪವಾಸವಿದ್ದವರ ಮಿದುಳು ತನ್ನ ಶಕ್ತಿಯ ಬಹುಪಾಲನ್ನು ಕೀಟೋನಿನಿಂದಲೇ ಪಡೆಯುತ್ತದೆ ಎಂದು 1967ರಲ್ಲಿ ಜಾರ್ಜ್ ಕಾಹಿಲ್ ಮತ್ತು ಸಂಗಡಿಗರು ಅಳೆದು ತೋರಿಸಿದರು.

ಇಂಧನ ಬದಲಾಯಿಸುವುದೇ ಮದ್ದಾಗುವುದು ಗ್ಲುಟ್-1ರವರಿಗೆ ಮಾತ್ರವಲ್ಲ. ಬೇರೆ ಕಾರಣದ ಮೂರ್ಛೆ ಇರುವ ಕೆಲವು ಮಕ್ಕಳಿಗೂ ಈ ಆಹಾರ ಹಿಡಿಸುತ್ತದೆ, ಏಕೆ ಎಂಬ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ. 2015ರಲ್ಲಿ ಜಪಾನಿನ ಒಕಾಯಾಮಾದ ಸಂಶೋಧಕರು ಇಲಿಗಳ ಮೇಲೆ ಪ್ರಯೋಗ ಮಾಡಿ, ಸಕ್ಕರೆ ಉರಿಯುವ ದಾರಿಯ ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್ ಕಿಣ್ವವನ್ನು ತಡೆದರೆ ನರಕೋಶಗಳು ತಣಿಯುತ್ತವೆ ಎಂದು ತೋರಿಸಿದರು. ಆಗಲೇ ಬಳಕೆಯಲ್ಲಿದ್ದ ಸ್ಟಿರಿಪೆಂಟಾಲ್ ಎಂಬ ಮದ್ದು ಆ ಕಿಣ್ವವನ್ನೇ ತಡೆಯುತ್ತದೆ ಎಂಬುದೂ ಆಗ ತಿಳಿಯಿತು. ಬೆಣ್ಣೆಯ ಆಹಾರ ಮಾಡುವ ಕೆಲಸವನ್ನು ಮಾತ್ರೆಯಿಂದ ಮಾಡಿಸಲು ಹೊರಟಿದ್ದಾರೆ. ಆಗುವವರೆಗೆ ಬೆಣ್ಣೆಯೇ ಗತಿ.

ಹರಿಹರದ ಓದುಗ

ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನ್ನ ತಮ್ಮನಿಗೆ ಹಂಡೆಯ ಬಿಸಿನೀರನ್ನು ತಲೆಗೆ ಹುಯ್ದುಕೊಂಡಾಗ ಮಾತ್ರ ಫಿಟ್ಸ್ ಬರುತ್ತದೆ. ಇದೂ ಕಿಣ್ವದ ತೊಂದರೆಯೇ?

ಔಷಧ ಅಂಗಡಿ, ದಾವಣಗೆರೆ

ಹರಿಹರದವರಿಗೆ ಮೊದಲು. ಅದು ಬಿಸಿನೀರಿನ ಅಪಸ್ಮಾರ, ನಮ್ಮ ಕರ್ನಾಟಕದಿಂದ ಬಹಳ ವರದಿಯಾಗಿರುವ ಕಾಯಿಲೆ. ನಿಮ್ಹಾನ್ಸ್‌ನವರು ದಶಕಗಳಿಂದ ಅಧ್ಯಯನ ಮಾಡಿದ್ದಾರೆ. ಇದನ್ನು ಚಯಾಪಚಯದ ಕಾಯಿಲೆಗಳ ಸಾಲಿಗೆ ಸೇರಿಸುವುದಿಲ್ಲ. ನೀರನ್ನು ಉಗುರು ಬೆಚ್ಚಗೆ ಇಟ್ಟುಕೊಂಡರೆ ಹಲವರಿಗೆ ಅಷ್ಟೇ ಸಾಕಾಗುತ್ತದೆ, ಕೆಲವರಿಗೆ ತಲೆಸ್ನಾನಕ್ಕೆ ಮುಂಚೆ ತೆಗೆದುಕೊಳ್ಳಲು ವೈದ್ಯರು ಮಾತ್ರೆ ಬರೆದುಕೊಡುತ್ತಾರೆ. ತಮ್ಮನನ್ನು ನರರೋಗ ತಜ್ಞರಿಗೆ ತೋರಿಸಿ. ಬಚ್ಚಲಿಗೆ ಒಳಗಿನಿಂದ ಚಿಲಕ ಹಾಕಲು ಬಿಡಬೇಡಿ.

ಮೇಷ್ಟ್ರು ಮಿದುಳಿನ ಕಿಣ್ವಗಳನ್ನು ಹೇಳಿದರು. ನಾನು ಕೌಂಟರಿನ ಈಚೆಯಿಂದ ದಿನವೂ ನೋಡುವುದು ಯಕೃತ್ತಿನ ಕಿಣ್ವಗಳ ಆಟ. ಜಗಳೂರು ಕಡೆಯ ರೈತರೊಬ್ಬರು ಹಲವು ವರ್ಷಗಳಿಂದ ಫೆನಿಟಾಯಿನ್ ತೆಗೆದುಕೊಳ್ಳುತ್ತಿದ್ದರು. ಒಂದು ದಿನ ಬಂದವರು ಕೌಂಟರಿನ ಅಂಚನ್ನು ಎರಡೂ ಕೈಯಿಂದ ಹಿಡಿದು ನಿಂತರು. ಮಾತು ತೊದಲುತ್ತಿತ್ತು, ಕಣ್ಣುಗುಡ್ಡೆಗಳು ಅತ್ತಿತ್ತ ಓಲಾಡುತ್ತಿದ್ದವು. ಹಗಲಿಗೇ ಕುಡಿದಿದ್ದಾನೆ ಎಂದು ಪಕ್ಕದಲ್ಲಿದ್ದವರು ಮೂಗು ಮುರಿದರು. ಚೀಟಿಗಳನ್ನೆಲ್ಲ ತೆಗೆಸಿ ನೋಡಿದರೆ ಕ್ಷಯಕ್ಕೆ ಐಸೋನಿಯಜಿಡ್ ಶುರುವಾಗಿತ್ತು. ಫೆನಿಟಾಯಿನ್ ಅನ್ನು ಒಡೆಯುವ ಯಕೃತ್ತಿನ ಕಿಣ್ವವನ್ನು ಐಸೋನಿಯಜಿಡ್ ತಡೆಯುತ್ತದೆ, ಆಗ ಫೆನಿಟಾಯಿನ್ ರಕ್ತದಲ್ಲಿ ಕಟ್ಟಿಕೊಂಡು ಹೀಗಾಗುತ್ತದೆ. ಕ್ಷಯದ್ದೇ ಇನ್ನೊಂದು ಮದ್ದು ರಿಫಾಂಪಿಸಿನ್ ಅದಕ್ಕೆ ಉಲ್ಟಾ, ಕಿಣ್ವಗಳನ್ನು ಹೆಚ್ಚಿಸುತ್ತದೆ. ಯಾವುದರ ಕೈ ಮೇಲಾಗುತ್ತದೆ ಎಂಬುದು ಆಯಾ ರೋಗಿಯ ದೇಹಕ್ಕೆ ಬಿಟ್ಟದ್ದು. ಫೆನಿಟಾಯಿನ್‌ನ ದುರ್ಗುಣವೆಂದರೆ ಅದನ್ನು ಒಡೆಯುವ ಕಿಣ್ವದ ಕೈ ಬೇಗ ತುಂಬಿಹೋಗುತ್ತದೆ. ಆಮೇಲೆ ಮಾತ್ರೆ ಚೂರು ಹೆಚ್ಚಿದರೂ ರಕ್ತದಲ್ಲಿನ ಮಟ್ಟ ಎರ್ರಾಬಿರ್ರಿ ಏರುತ್ತದೆ. ಐಸೋನಿಯಜಿಡ್ ಬಿ6 ಅನ್ನೂ ಕಡಿಮೆ ಮಾಡುತ್ತದೆ, ಐಸೋನಿಯಜಿಡ್ ಪ್ರಮಾಣ ಅತಿಯಾದರೆ ಅದರಿಂದಲೇ ಫಿಟ್ಸ್ ಬರಬಹುದು. ಮೇಷ್ಟ್ರು ಹೇಳಿದ ಗಾಬಾದ ಕಥೆಯೇ ಇದು. ಆ ರೈತರನ್ನು ಅದೇ ದಿನ ವೈದ್ಯರ ಬಳಿಗೆ ಕಳುಹಿಸಿದೆ.

ಭಟ್ಟಿಮನೆಯವರಿಗೆ ಎರಡು ಮಾತು. ಮಗುವಿಗೆ ಈಗ ಕೊಡುತ್ತಿರುವುದರಲ್ಲಿ ಟೋಪಿರಮೇಟ್ ಎಂಬ ಫಿಟ್ಸ್ ಮದ್ದು ಇದೆಯೇ ನೋಡಿ. ಅದು ಕಾರ್ಬೊನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವವನ್ನು ತಡೆಯುತ್ತದೆ. ಕೆಲವು ಮಕ್ಕಳಲ್ಲಿ ಬೆವರು ಕಡಿಮೆಯಾಗಿ ಮೈ ಕಾಯುತ್ತದೆ. ನಮ್ಮೂರ ಏಪ್ರಿಲ್, ಮೇ ತಿಂಗಳಲ್ಲಿ, ಅದೂ ಭಟ್ಟಿಯ ಪಕ್ಕದ ಮನೆಯಲ್ಲಿ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೀಟೋಜೆನಿಕ್ ಆಹಾರ ಮತ್ತು ಟೋಪಿರಮೇಟ್ ಎರಡೂ ಮೂತ್ರಪಿಂಡದ ಕಲ್ಲಿಗೆ ದಾರಿ ಮಾಡುತ್ತವೆ, ಜೊತೆಯಾದರೆ ನೀರು ಕುಡಿಸುವುದರಲ್ಲಿ ಸಡಿಲ ಬಿಡುವಂತಿಲ್ಲ. ಇನ್ನೊಂದು, ವ್ಯಾಲ್ಪ್ರೊಯೇಟ್ ಎಂಬ ಫಿಟ್ಸ್ ಮದ್ದು ಇದ್ದರೆ ಚಯಾಪಚಯದ ಶಂಕೆ ಬಂದಿರುವುದನ್ನು ಅದನ್ನು ಬರೆದುಕೊಟ್ಟ ವೈದ್ಯರಿಗೆ ತಿಳಿಸಿ. ಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾದ ಒಂದು ಕಿಣ್ವದ ದೋಷವಿರುವ ಮಕ್ಕಳಲ್ಲಿ ಅದು ಯಕೃತ್ತನ್ನೇ ಕೆಡಿಸುತ್ತದೆ. ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ, ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಬಿಡದೆ ಬರಬಹುದು.

ಭಟ್ಟಿಮನೆ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಡಬ್ಬಿಯನ್ನು ಭಾವಮೈದನಿಗೆ ಹಿಂದಿರುಗಿಸಿದೆ. ಮುಖ ಊದಿಸಿಕೊಂಡಿದ್ದಾನೆ, ಊದಿಸಿಕೊಳ್ಳಲಿ. ಟೋಪಿರಮೇಟ್ ಇಲ್ಲ, ವ್ಯಾಲ್ಪ್ರೊಯೇಟ್ ಇದೆ. ಫೋನ್ ಮಾಡಿ ತಿಳಿಸಿದ್ದೇನೆ.

ಮನೆಯಲ್ಲಿ ಈಗ ಬೆನ್ನಿನ ಸೂಜಿಯದೇ ಗಲಾಟೆ. ಬೆನ್ನಿನ ನೀರು ತೆಗೆದರೆ ಕಾಲಿನ ಸ್ವಾಧೀನ ಹೋಗುತ್ತದೆ ಎಂದು ಹೆಂಡತಿಗೆ ಯಾರೋ ಹೇಳಿದ್ದಾರೆ. ಬರಿಯ ರಕ್ತ ಪರೀಕ್ಷೆಯಲ್ಲಿ ತಿಳಿಯುವುದಿಲ್ಲವೇ? ಬೇಡವೇ ಬೇಡ, ಆಹಾರವನ್ನೇ ಶುರು ಮಾಡಿ ನೋಡೋಣ ಎನ್ನುತ್ತಾಳೆ. ಹುಡುಗಿಗೆ ಬೆಣ್ಣೆ ದೋಸೆ ಎಂದರೆ ಪ್ರಾಣ. ಬೆಣ್ಣೆ ಇರುವುದರಿಂದ ಅದನ್ನಾದರೂ ಕೊಡಬಹುದಲ್ಲವೇ?

ಕೋಟೆ ಕೆಳಗಿನ ಮೇಷ್ಟ್ರು, ಚಿತ್ರದುರ್ಗ

ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲಿಯೇ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ, ನೀರಿನಲ್ಲಿ ನರದ ಎಳೆಗಳು ತೇಲುವ ಜಾಗದಲ್ಲಿ. ಒಂದೆರಡು ದಿನ ತಲೆನೋವು ಬರಬಹುದು. ಕಾಲು ಹೋಗುತ್ತದೆ ಎಂದವರು ಯಾರೆಂದು ಕೇಳಿ, ಉತ್ತರ ‘ಯಾರೋ ಹೇಳಿದರು’ ಎಂದೇ ಇರುತ್ತದೆ.

ರಕ್ತದಲ್ಲಿ ವಂಶವಾಹಿ ಪರೀಕ್ಷೆ ಮಾಡಬಹುದು, ಮಾಡುತ್ತಾರೆ ಕೂಡ. ಆದರೆ ಮಿದುಳಿನ ನೀರಿನಲ್ಲಿ ಸಕ್ಕರೆ ಎಷ್ಟು ಎಂಬ ಪ್ರಶ್ನೆಗೆ ಆ ನೀರೇ ಉತ್ತರ ಕೊಡಬೇಕು. ಸಾಮಾನ್ಯವಾಗಿ ಅಲ್ಲಿಯ ಗ್ಲೂಕೋಸ್ ರಕ್ತದಲ್ಲಿರುವುದರ ಮೂರನೇ ಎರಡರ ಆಸುಪಾಸಿನಲ್ಲಿರುತ್ತದೆ. ಗ್ಲುಟ್-1 ಕೊರತೆಯಲ್ಲಿ ಹೆಚ್ಚಾಗಿ ಅರ್ಧಕ್ಕಿಂತ ಕೆಳಗೆ ಇಳಿದಿರುತ್ತದೆ. ಹೋಲಿಕೆ ಸರಿಯಾಗಬೇಕಾದರೆ ಮಗು ಕೆಲವು ಗಂಟೆ ಉಪವಾಸವಿರಬೇಕು, ರಕ್ತವನ್ನು ಸೂಜಿಗೆ ಮುಂಚೆಯೇ ತೆಗೆಯಬೇಕು. ಸೂಜಿಯ ನೋವಿಗೆ ಅತ್ತಾಗ ರಕ್ತದ ಸಕ್ಕರೆ ಏರಿ ಲೆಕ್ಕ ತಪ್ಪುತ್ತದೆ. ಅದೇ ನೀರಿನಲ್ಲಿ, ಸಕ್ಕರೆ ಅರೆಬರೆ ಉರಿದಾಗ ಉಳಿಯುವ ಲ್ಯಾಕ್ಟೇಟ್ ಕೂಡ ನೋಡುವರೇ ಎಂದು ಕೇಳಿ.

ಪರೀಕ್ಷೆ ಬಿಟ್ಟು ಆಹಾರ ಶುರು ಮಾಡೋಣ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕೊಬ್ಬನ್ನು ಉರಿಸುವ ಕಿಣ್ವಗಳೇ ಹುಟ್ಟಿನಿಂದ ಇಲ್ಲದ ಮಕ್ಕಳಿದ್ದಾರೆ. ಕೊಬ್ಬನ್ನು ಮೈಟೊಕಾಂಡ್ರಿಯಾದೊಳಗೆ ಸೇರಿಸುವ ಕಾರ್ನಿಟೀನ್ ಇಲ್ಲದವರಿದ್ದಾರೆ. ಪೈರುವೇಟ್ ಕಾರ್ಬಾಕ್ಸಿಲೇಸ್ ಎಂಬ ಕಿಣ್ವ ಇಲ್ಲದವರಿದ್ದಾರೆ. ಅಂಥವರಿಗೆ ಈ ಆಹಾರ ಕೊಟ್ಟರೆ ಮಗು ಪ್ರಜ್ಞೆ ತಪ್ಪಬಹುದು, ಪ್ರಾಣವೇ ಹೋಗಬಹುದು. ಅವು ಇಲ್ಲವೆಂದು ರಕ್ತ, ಮೂತ್ರ ಪರೀಕ್ಷೆಗಳಿಂದ ಖಚಿತಪಡಿಸಿಕೊಂಡೇ ಶುರು ಮಾಡುತ್ತಾರೆ. ದೋಸೆಯ ಪ್ರಶ್ನೆಗೆ ನನ್ನಿಂದ ಉತ್ತರ ನಿರೀಕ್ಷಿಸಬೇಡಿ, ನಾನು ದಾವಣಗೆರೆಗೆ ಬರುವುದೇ ಅದಕ್ಕಾಗಿ.

ಹೊಸದುರ್ಗದ ತಾಯಿ

ದೋಸೆಯ ಪ್ರಶ್ನೆಗೆ ನಾನು ಹೇಳುತ್ತೇನೆ, ಕೊಡುವಂತಿಲ್ಲ. ಬೆಣ್ಣೆ ಮೇಲೆ ಕಾಣುವುದಷ್ಟೇ, ಕೆಳಗಿರುವುದು ಅಕ್ಕಿ. ಹಿಟ್ಟಿಗೆ ನಿಮ್ಮ ಮಂಡಕ್ಕಿಯೂ ಬಿದ್ದಿರುತ್ತದೆ.

ನನ್ನ ಮಗನಿಗೆ ಇರುವುದು ಪೈರುವೇಟ್ ಡಿಹೈಡ್ರೋಜಿನೇಸ್ ಕಿಣ್ವದ ಕೊರತೆ. ಸಕ್ಕರೆ ಒಳಗೆ ಹೋಗುತ್ತದೆ, ಅರ್ಧ ದಾರಿಯಲ್ಲಿ ಕೆಲಸ ನಿಂತು ಲ್ಯಾಕ್ಟಿಕ್ ಆಮ್ಲ ಕಟ್ಟಿಕೊಳ್ಳುತ್ತದೆ. ಅವನಿಗೂ ಇದೇ ಆಹಾರ. ಕಾಯಿಲೆ ಬೇರೆಯಾದರೂ ಅಡುಗೆಮನೆ ಒಂದೇ ಎಂದು ಬರೆಯುತ್ತಿದ್ದೇನೆ.

ನಾಲ್ಕಕ್ಕೆ ಒಂದು ಎಂಬ ಲೆಕ್ಕ ಕೊಡುತ್ತಾರೆ. 4 ಗ್ರಾಂ ಕೊಬ್ಬಿಗೆ ಪ್ರೋಟೀನು ಮತ್ತು ಶರ್ಕರಪಿಷ್ಟ ಎರಡೂ ಸೇರಿ 1 ಗ್ರಾಂ. ಶಕ್ತಿಯ ಲೆಕ್ಕದಲ್ಲಿ ನೋಡಿದರೆ ಶೇ 90 ಕೊಬ್ಬು. ಕೆಲವರಿಗೆ ಮೂರಕ್ಕೆ ಒಂದು ಇರುತ್ತದೆ. ಕೈ ಅಳತೆ, ಕಣ್ಣಳತೆ ನಡೆಯುವುದಿಲ್ಲ. ಗ್ರಾಮಿನ ಹತ್ತನೇ ಒಂದು ಭಾಗ ತೋರಿಸುವ ಚಿಕ್ಕ ತಕ್ಕಡಿ ಕೊಳ್ಳಿ. ನಾವು ಮೊಟ್ಟೆ ತಿನ್ನದವರು. ಹಾಗಾಗಿ ಪನೀರು, ಎಮ್ಮೆ ಹಾಲಿನ ಕೆನೆ, ತುಪ್ಪ, ಕೊಬ್ಬರಿ ಎಣ್ಣೆ, ಶೇಂಗಾ ಪುಡಿ, ಹೀರೆಕಾಯಿ, ಸೌತೆಕಾಯಿ. ಶೇಂಗಾ ಪುಡಿ ಮತ್ತು ಪನೀರು ಕಲಸಿ ತುಪ್ಪದಲ್ಲಿ ತಟ್ಟಿದ ಸಣ್ಣ ರೊಟ್ಟಿಯನ್ನು ಮಗ ದೋಸೆ ಎಂದೇ ಕರೆಯುತ್ತಾನೆ. ತಟ್ಟೆಗೆ ಅಂಟಿದ ತುಪ್ಪವೂ ಲೆಕ್ಕಕ್ಕೆ ಸೇರಿದ್ದು, ರಬ್ಬರಿನ ಚಮಚದಿಂದ ಬಳಿದು ತಿನ್ನಿಸಬೇಕು.

ಊಟಕ್ಕಿಂತ ಕಳ್ಳ ಸಕ್ಕರೆಯೇ ಹೆಚ್ಚು ಕಾಡುತ್ತದೆ. ಕೆಮ್ಮಿನ ಸಿರಪ್, ಜ್ವರದ ಸಿರಪ್, ಕೆಲವು ಫಿಟ್ಸ್ ಸಿರಪ್‌ಗಳಲ್ಲಿಯೂ ಸಕ್ಕರೆ ಇರುತ್ತದೆ. ಮಾತ್ರೆಯ ರೂಪದಲ್ಲಿ ಬರೆದುಕೊಡಲು ಕೇಳಿ. ವಾಂತಿ ಭೇದಿಯಾಗಿ ಆಸ್ಪತ್ರೆಗೆ ಹೋದರೆ ಮೊದಲು ಗ್ಲೂಕೋಸ್ ಬಾಟಲಿಗೇ ಕೈ ಹಾಕುತ್ತಾರೆ. ಮಗು ಕೀಟೋಜೆನಿಕ್ ಆಹಾರದಲ್ಲಿದೆ ಎಂದು ವೈದ್ಯರಿಂದ ಬರೆಸಿದ ಚೀಟಿ ಸದಾ ಚೀಲದಲ್ಲಿರಲಿ. ಆದರೆ ರಕ್ತದ ಸಕ್ಕರೆ ನಿಜವಾಗಿಯೂ ತೀರ ಇಳಿದಿದ್ದರೆ ಗ್ಲೂಕೋಸ್ ಕೊಡಬೇಕಾಗುತ್ತದೆ, ಅಲ್ಲಿ ಹಟ ಮಾಡಬೇಡಿ. ಗುಡಿಯ ಪ್ರಸಾದ, ಶಾಲೆಯಲ್ಲಿ ಹುಟ್ಟುಹಬ್ಬದ ಚಾಕೊಲೇಟು, ಅಜ್ಜಿಯ ಸೆರಗಿನ ಗಂಟಿನ ಬೆಲ್ಲ, ಎಲ್ಲದರ ಮೇಲೂ ಕಣ್ಣಿಡಬೇಕು. ಯುಗಾದಿಗೆ ಅವನಿಗೆ ಬೇವು ಮಾತ್ರ. ಮೂರು ವರ್ಷದವನಿದ್ದಾಗ ಅದಕ್ಕೆ ಊರೆಲ್ಲ ಕೇಳುವಂತೆ ಅತ್ತಿದ್ದ, ಈಗ ತಾನೇ ಬೆಲ್ಲ ಬೇಡ ಎನ್ನುತ್ತಾನೆ.

ಮಲಬದ್ಧತೆ ಬರುತ್ತದೆ. ಕ್ಯಾಲ್ಸಿಯಂ, ಜೀವಸತ್ವಗಳನ್ನು ಸಕ್ಕರೆಯಿಲ್ಲದ ಮಾತ್ರೆಯಾಗಿ ಕೊಡಬೇಕು. ಕೊಲೆಸ್ಟ್ರಾಲ್, ಎತ್ತರ, ತೂಕ ಆಗಾಗ ನೋಡುತ್ತಾರೆ. ಮೊದಲ ದಿನಗಳನ್ನು ಆಸ್ಪತ್ರೆಯಲ್ಲಿಯೇ ಕಳೆಯುವುದು ಒಳ್ಳೆಯದು, ವಾಂತಿಯಾಗಬಹುದು, ಸಕ್ಕರೆ ಇಳಿಯಬಹುದು. ಲೆಕ್ಕವನ್ನು ಆಹಾರ ತಜ್ಞರೇ ಹಾಕಿ ಕೊಡಬೇಕು. ನಮಗೆ ಬೆಂಗಳೂರಿನಲ್ಲಿ ಹಾಕಿಕೊಟ್ಟರು. ಮೊದಲು ಕೊಟ್ಟ ಪಟ್ಟಿಯಲ್ಲಿ ಆಲಿವ್ ಎಣ್ಣೆ, ಆವಕಾಡೊ ಎಂದೆಲ್ಲ ಇತ್ತು. ಹೊಸದುರ್ಗದಲ್ಲಿ ಅವನ್ನು ಎಲ್ಲಿಂದ ತರಲಿ ಎಂದು ಕೇಳಿ ಶೇಂಗಾ ಮತ್ತು ಕೊಬ್ಬರಿಗೆ ಬದಲಾಯಿಸಿಕೊಂಡೆ. ನೀವೂ ಹಾಗೆಯೇ ಮನೆಯಲ್ಲಿ ಏನು ಸಿಗುತ್ತದೆ ಎಂದು ಬರೆದುಕೊಂಡು ಹೋಗಿ. ಪರೀಕ್ಷೆಯ ಫಲಿತಾಂಶ ಬಂದು ಆಹಾರವೇ ಎಂದು ಗೊತ್ತಾದರೆ ಇಲ್ಲಿಯೇ ತಿಳಿಸಿ, ಶೇಂಗಾ ರೊಟ್ಟಿಯ ಅಳತೆಯನ್ನು ಬರೆಯುತ್ತೇನೆ. ನಿಮ್ಮ ಮಗಳ ತೂಕಕ್ಕೆ ಅದನ್ನು ತಜ್ಞರಿಂದ ತಿದ್ದಿಸಿಕೊಳ್ಳಬೇಕಾಗುತ್ತದೆ.